ಹೊಸ ಗೈಡ್ ಕ್ಯಾಪ್ಟನ್‌ಗೆ: ದಳ ಕಟ್ಟುವುದರಿಂದ ರಾಜ್ಯ ಪುರಸ್ಕಾರದವರೆಗೆ

ಶಾಲೆ ತೆರೆದ ಮೊದಲ ವಾರವೇ ಮುಖ್ಯ ಶಿಕ್ಷಕರು ನಿಮ್ಮನ್ನು ಕರೆದು, ‘ಈ ವರ್ಷದಿಂದ ಗೈಡ್ಸ್ ನೀವೇ ನೋಡಿಕೊಳ್ಳಿ’ ಎಂದು ಹಳೆಯ ಟ್ರಂಕಿನ ಬೀಗದ ಕೈ ಕೊಟ್ಟಿದ್ದರೆ ಈ ಬರಹ ನಿಮಗಾಗಿ. ಆ ಟ್ರಂಕಿನಲ್ಲಿ ಬಣ್ಣಗೆಟ್ಟ ಸ್ಕಾರ್ಫ್‌ಗಳು, ಒಂದು ಸೀಟಿ, ಕೊಳೆತ ಹಗ್ಗ, ಅರ್ಧ ತುಂಬಿದ ಹಾಜರಿ ಪುಸ್ತಕ ಇರುತ್ತವೆ. ಅಷ್ಟು ಸಾಕು. ನಾನು ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಗೈಡ್ ಕಂಪನಿಯನ್ನೂ, ಅಂದರೆ ಹುಡುಗಿಯರ ದಳವನ್ನೂ ನಡೆಸುತ್ತೇನೆ. ಸ್ಕೌಟ್ ಮಾಸ್ಟರ್‌ಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಕೆಲವು ಸಂಗತಿಗಳನ್ನು ಬೇರೆಯಾಗಿಯೇ ಹೇಳಬೇಕು, ಹೇಳುತ್ತೇನೆ.

ಮೊದಲೇ ನನ್ನ ನಿಲುವನ್ನು ತಿಳಿಸಿಬಿಡುತ್ತೇನೆ. ರಾಜ್ಯಪಾಲರ ಹೆಸರಿನಲ್ಲಿ ಬರುವ ರಾಜ್ಯ ಪುರಸ್ಕಾರದ ಪ್ರಮಾಣಪತ್ರವನ್ನು ಗುರಿಯಾಗಿಟ್ಟುಕೊಂಡು ಹೊರಟ ದಳಗಳು ಒಂದು ತಂಡ ಪರೀಕ್ಷೆ ಮುಗಿಸಿದ ಕೂಡಲೇ ಮಲಗಿಬಿಡುತ್ತವೆ. ವಾರದ ಸಭೆಯನ್ನು ತಪ್ಪಿಸದೆ, ಪಟ್ರೋಲ್ ಲೀಡರ್‌ಗಳ, ಅಂದರೆ ದಳದೊಳಗಿನ ಚಿಕ್ಕ ಗುಂಪುಗಳ ನಾಯಕರ ಕೈಗೆ ನಿಜವಾದ ಕೆಲಸ ಕೊಟ್ಟ ದಳಗಳಲ್ಲಿ ಪ್ರಶಸ್ತಿ ತಾನಾಗಿ ಬರುತ್ತದೆ, ದಳವೂ ಉಳಿಯುತ್ತದೆ.

ಶುರು ಮಾಡುವ ಮುನ್ನ

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ವಯಸ್ಸಿಗೆ ತಕ್ಕ ವಿಭಾಗಗಳಿವೆ. ಪ್ರಾಥಮಿಕ ಶಾಲೆಯ ಚಿಕ್ಕ ಗಂಡುಮಕ್ಕಳು ಕಬ್, ಹೆಣ್ಣುಮಕ್ಕಳು ಬುಲ್‌ಬುಲ್. ಹತ್ತು ವರ್ಷ ತುಂಬಿದ ಮೇಲೆ ಸ್ಕೌಟ್ ಮತ್ತು ಗೈಡ್. ಕಾಲೇಜಿನ ವಯಸ್ಸಿನವರು ರೋವರ್ ಮತ್ತು ರೇಂಜರ್. ನಿಮ್ಮದು ಆರನೆಯ ತರಗತಿಯಿಂದ ಇರುವ ಶಾಲೆಯಾದರೆ ಅದೃಷ್ಟ, ಅಲ್ಲಿಂದಲೇ ಆರಂಭಿಸಿ. ಎಂಟನೆಯಿಂದ ಶುರುವಾಗುವ ಪ್ರೌಢಶಾಲೆಯಾದರೆ ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರ ಜೊತೆ ಮಾತನಾಡಿ, ಅಲ್ಲಿಯೂ ಒಂದು ದಳ ಇರುವಂತೆ ನೋಡಿಕೊಳ್ಳಿ. ಪ್ರವೇಶದಿಂದ ರಾಜ್ಯ ಪುರಸ್ಕಾರದವರೆಗಿನ ಪ್ರತಿ ಮೆಟ್ಟಿಲಿನ ನಡುವೆಯೂ ಕಡ್ಡಾಯ ಅಂತರವಿದೆ. ಎಂಟನೆಯಲ್ಲಿ ಮೊದಲ ಬಾರಿಗೆ ಸ್ಕಾರ್ಫ್ ಹಾಕಿದ ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಏದುಸಿರು ಬಿಡುತ್ತಾಳೆ.

ನಿಮಗೆ ತರಬೇತಿ ಬೇಕು. ಮೂಲ ತರಬೇತಿ ಶಿಬಿರ ಏಳು ದಿನದ್ದು. ಅದಾದ ಮೇಲೆ ಸುಧಾರಿತ ತರಬೇತಿ, ನಂತರ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಉನ್ನತ ತರಬೇತಿ. ಜಿಲ್ಲಾ ಸಂಸ್ಥೆಯಿಂದ ಪತ್ರ ಬಂದ ದಿನವೇ ಹೆಸರು ಕೊಟ್ಟುಬಿಡಿ, ಮುಂದಿನ ವರ್ಷ ನೋಡೋಣ ಎನ್ನಬೇಡಿ. ನಮ್ಮ ಜಿಲ್ಲೆಯವರಿಗೆ ಕೊಂಡಜ್ಜಿಯೇ ಹತ್ತಿರ. ಗುಡ್ಡದ ಪಕ್ಕ, ಕೆರೆಯ ಬಳಿ ಇರುವ ಆ ತರಬೇತಿ ಕೇಂದ್ರ ಈ ಭಾಗದ ಎಷ್ಟೋ ತಲೆಮಾರಿನ ಸ್ಕೌಟ್ ಗೈಡ್‌ಗಳನ್ನು ಬೆಳೆಸಿದೆ. ಕರ್ನಾಟಕದಲ್ಲಿ ಈ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಬೆಂಗಳೂರು ಕಡೆಯವರಿಗೆ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್ ಇದೆ. ಎಲ್ಲಿಯೇ ಆಗಲಿ, ನೀವು ಆ ಏಳು ದಿನ ಟೆಂಟಿನಲ್ಲಿ ಮಲಗಿ, ಸೀಟಿಗೆ ಎದ್ದು, ನಿಮ್ಮ ಪಟ್ರೋಲ್‌ನ ಪಾತ್ರೆ ತೊಳೆದ ಮೇಲೆಯೇ ಮಕ್ಕಳಿಗೆ ಏನು ಕೇಳುತ್ತಿದ್ದೇವೆ ಎಂಬುದು ಮೈಗೆ ತಿಳಿಯುತ್ತದೆ.

ಕಾಗದಪತ್ರ ಹೆಚ್ಚಿಲ್ಲ. ತಾಲ್ಲೂಕಿನ ಸ್ಥಳೀಯ ಸಂಸ್ಥೆಯ ಮೂಲಕ ದಳದ ನೋಂದಣಿ ಮಾಡಿಸಿ, ಪ್ರತಿ ವರ್ಷ ನವೀಕರಿಸಿ. ಹಾಜರಿ ಪುಸ್ತಕ, ಪ್ರಗತಿ ಪುಸ್ತಕ, ಲೆಕ್ಕದ ಪುಸ್ತಕ ಈ ಮೂರನ್ನು ಮೊದಲ ದಿನದಿಂದಲೇ ಬರೆಯಿರಿ. ಯಾವ ಹುಡುಗಿ ಯಾವ ದಿನ ದೀಕ್ಷೆ ಪಡೆದಳು, ಯಾವ ದಿನ ಪ್ರಥಮ ಸೋಪಾನ ಎಂಬ ಮೊದಲ ಮೆಟ್ಟಿಲು ಮುಗಿಸಿದಳು ಎಂಬ ದಿನಾಂಕಗಳೇ ಮುಂದೆ ಅರ್ಜಿಯ ಜೀವಾಳ. ದಿನಾಂಕವನ್ನು ಆಮೇಲೆ ನೆನಪಿನಿಂದ ತುಂಬುವ ಪರಿಪಾಠ ಕೆಲವು ಕಡೆ ಇದೆ. ‘ಗೈಡ್ ನಂಬಿಕೆಗೆ ಅರ್ಹಳು’ ಎಂಬುದು ನಿಯಮದ ಮೊದಲ ಸಾಲು. ಅದನ್ನು ಕಲಿಸುವವರ ಪುಸ್ತಕದಲ್ಲೇ ಸುಳ್ಳು ದಿನಾಂಕ ಇರಬಾರದು.

ಪಟ್ರೋಲ್ ಎಂದರೆ ಏನು

1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ 20 ಹುಡುಗರನ್ನು ಕರೆದೊಯ್ದು ಶಿಬಿರ ಮಾಡಿದಾಗ ಅವರನ್ನು ನಾಲ್ಕು ಗುಂಪು ಮಾಡಿ, ಒಂದೊಂದಕ್ಕೂ ಪ್ರಾಣಿ ಪಕ್ಷಿಯ ಹೆಸರಿಟ್ಟು, ಒಬ್ಬೊಬ್ಬ ನಾಯಕನನ್ನು ಕೊಟ್ಟರು. ಅದೇ ಪಟ್ರೋಲ್ ಪದ್ಧತಿ. ಎರಡು ವರ್ಷಗಳ ನಂತರ, 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ರ್‍ಯಾಲಿ ನಡೆದಾಗ ಕೆಲವು ಹುಡುಗಿಯರು ಯಾರೂ ಕರೆಯದಿದ್ದರೂ ಬಂದು ನಿಂತು, ತಾವೂ ಸ್ಕೌಟ್‌ಗಳೇ ಎಂದರು. ಗೈಡ್ ಚಳವಳಿ ಹುಟ್ಟಿದ್ದು ಹಾಗೆ. ಈ ಕಥೆಯನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಅದೇ 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಬೆಂಗಳೂರಿನಲ್ಲಿ ಆರಂಭವಾಯಿತು ಎಂದಾಗ ಅವರ ಮುಖ ಅರಳುತ್ತದೆ. ಗೈಡ್ ದಳ 1911ರಲ್ಲಿ ಜಬಲ್ಪುರದಲ್ಲಿ ಶುರುವಾಯಿತು. ಸ್ವಾತಂತ್ರ್ಯಾನಂತರ ಬೇರೆ ಬೇರೆ ಸಂಘಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ನವೆಂಬರ್ 7ನ್ನು ಇಂದಿಗೂ ಧ್ವಜ ದಿನವಾಗಿ ಆಚರಿಸುತ್ತೇವೆ.

ಆರರಿಂದ ಎಂಟು ಮಕ್ಕಳ ಒಂದು ಪಟ್ರೋಲ್. ನಾಲ್ಕು ಪಟ್ರೋಲ್ ಸೇರಿದರೆ ತುಂಬು ದಳ. ಗೈಡ್‌ಗಳಲ್ಲಿ ಹೂವಿನ ಹೆಸರು ಇಡುವ ರೂಢಿ. ನಮ್ಮಲ್ಲಿ ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಕಮಲ ಇವೆ. ಮಕ್ಕಳೇ ಹೆಸರು ಆರಿಸಲಿ. ಇಲ್ಲಿ ಎರಡು ವಿಷಯದಲ್ಲಿ ಗಟ್ಟಿಯಾಗಿರಿ. ಒಂದು, ಒಂದೇ ತರಗತಿಯವರನ್ನೆಲ್ಲ ಒಂದೇ ಪಟ್ರೋಲ್‌ಗೆ ಹಾಕಬೇಡಿ. ಒಂಬತ್ತನೆಯವಳು ಎಂಟನೆಯವಳಿಗೆ ಕಲಿಸಬೇಕು, ಅದೇ ಇದರ ಯಂತ್ರ. ಎರಡು, ಪಟ್ರೋಲ್ ಲೀಡರ್ ಯಾರಾಗಬೇಕು ಎಂಬುದನ್ನು ಅಂಕಪಟ್ಟಿ ನೋಡಿ ನಿರ್ಧರಿಸಬೇಡಿ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಮೌನವಾಗಿ ಕೂರುವ ಹುಡುಗಿ ಮನೆಯಲ್ಲಿ ಇಬ್ಬರು ತಮ್ಮಂದಿರನ್ನು ಸ್ನಾನ ಮಾಡಿಸಿ, ರೊಟ್ಟಿ ಬಡಿದಿಟ್ಟು ಶಾಲೆಗೆ ಬಂದಿರುತ್ತಾಳೆ. ಶಿಬಿರದಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ ಎಲ್ಲರೂ ಅವಳ ಮುಖವನ್ನೇ ನೋಡುತ್ತಾರೆ. ಅಂಥವಳಿಗೆ ನಾಯಕಿಯ ಪಟ್ಟಿ ಕೊಟ್ಟು ನೋಡಿ, ಆರು ತಿಂಗಳಲ್ಲಿ ಅವಳ ಧ್ವನಿ ಬದಲಾಗಿರುತ್ತದೆ.

ತಿಂಗಳಿಗೊಮ್ಮೆ ಲೀಡರ್‌ಗಳನ್ನೆಲ್ಲ ಕೂರಿಸಿ ಗೌರವ ಸಭೆ ನಡೆಸಿ. ಮುಂದಿನ ತಿಂಗಳು ಏನು ಮಾಡಬೇಕು, ಯಾರು ಸತತ ಗೈರುಹಾಜರಾಗಿದ್ದಾರೆ, ದಳದ ದುಡ್ಡು ಎಷ್ಟಿದೆ ಎಂಬುದನ್ನು ಅವರೇ ಚರ್ಚಿಸಲಿ. ನೀವು ಅಲ್ಲಿ ಇರಬೇಕು, ಆದರೆ ಬಾಯಿ ಬಿಗಿಹಿಡಿಯಬೇಕು. ಶಿಕ್ಷಕರಿಗೆ ಇದು ಬಹಳ ಕಷ್ಟದ ಕೆಲಸ. ಅಭ್ಯಾಸ ಮಾಡಿಕೊಳ್ಳಿ.

ವಾರದ ಸಭೆ

ನಾವು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಸೇರುತ್ತೇವೆ. ಧ್ವಜಾರೋಹಣ, ಪ್ರಾರ್ಥನೆ, ತಪಾಸಣೆ ಹತ್ತು ನಿಮಿಷದಲ್ಲಿ ಮುಗಿಯಬೇಕು. ತಪಾಸಣೆಯಲ್ಲಿ ಉಗುರು, ಕೂದಲು, ಸ್ಕಾರ್ಫ್ ನೋಡಿ. ಆದರೆ ಹರಿದ ಬೂಟನ್ನು ಎಲ್ಲರ ಎದುರು ಎತ್ತಿ ಆಡಬೇಡಿ. ಸಮವಸ್ತ್ರ ಹೊಲಿಸಲು ಆಗದ ಮಗು ಸ್ಕಾರ್ಫ್ ಒಂದನ್ನೇ ಹಾಕಿಕೊಂಡು ಸಭೆಗೆ ಬರಲಿ. ದಳದ ನಿಧಿಯಿಂದ ನಿಧಾನವಾಗಿ ಉಳಿದದ್ದನ್ನು ಮಾಡಿಸಿ. ನಿಧಿಗೆ ಖರಿ ಕಮಾಯಿ ಇದೆ, ಅಂದರೆ ಮಕ್ಕಳು ದುಡಿದು ಗಳಿಸುವುದು. ನಮ್ಮ ಮಕ್ಕಳು ಹಳೆಯ ಪತ್ರಿಕೆಯಿಂದ ಔಷಧಿ ಅಂಗಡಿಗೆ ಲಕೋಟೆ ಮಾಡಿಕೊಡುತ್ತಾರೆ, ದೀಪಾವಳಿಗೆ ಮಣ್ಣಿನ ಹಣತೆಗೆ ಬಣ್ಣ ಹಚ್ಚಿ ಮಾರುತ್ತಾರೆ. ಯಾರ ಬಳಿಯೂ ಕೈಚಾಚಿ ಚಂದಾ ಕೇಳುವುದಿಲ್ಲ.

ಆಮೇಲೆ ಒಂದು ಆಟ, ನಂತರ ಪಟ್ರೋಲ್‌ಗಳು ತಮ್ಮ ತಮ್ಮ ಮೂಲೆಗೆ ಹೋಗಿ ಕಲಿಯುವುದು. ಕಿಮ್ ಆಟ ಎಂದಿಗೂ ಸೋಲದು. ಒಂದು ಟವೆಲ್ಲಿನ ಮೇಲೆ ಗುಂಡಿ, ಸೂಜಿ, ಹುಣಸೆ ಬೀಜ, ಬೀಗದ ಕೈ, ಬಸ್ಸಿನ ಟಿಕೆಟ್ ಹೀಗೆ ಇಪ್ಪತ್ತನಾಲ್ಕು ವಸ್ತು ಜೋಡಿಸಿ, ಒಂದು ನಿಮಿಷ ತೋರಿಸಿ ಮುಚ್ಚಿಬಿಡಿ. ನೆನಪಿದ್ದುದನ್ನು ಬರೆಯಲಿ. ಮೂರನೆಯ ಬಾರಿಗೆ ವಸ್ತುಗಳ ಬದಲು ಬಿಸಿಯೂಟದ ಕೋಣೆಯನ್ನು ಒಂದು ನಿಮಿಷ ತೋರಿಸಿ ಹೊರಗೆ ಕರೆತಂದು ಪ್ರಶ್ನೆ ಕೇಳಿ. ಗ್ಯಾಸ್ ಸಿಲಿಂಡರ್ ಎಲ್ಲಿತ್ತು, ನೀರಿನ ಡ್ರಮ್ಮಿಗೆ ಮುಚ್ಚಳ ಇತ್ತೇ, ಕಿಟಕಿ ತೆರೆದಿತ್ತೇ? ಆಟ ಅಲ್ಲಿಂದ ಗಮನಿಸುವ ಗುಣವಾಗುತ್ತದೆ.

ಗಂಟುಗಳನ್ನು ಕಲಿಸಲು ನೈಲಾನ್ ದಾರ ಬೇಡ, ಜಾರುತ್ತದೆ. ಸಂತೆಯಲ್ಲಿ ಸಿಗುವ ಸಣಬಿನ ಹಗ್ಗವನ್ನು ಒಂದೂವರೆ ಮೀಟರ್‌ನಂತೆ ಕತ್ತರಿಸಿ, ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತಿ, ಮಗುವಿಗೊಂದು ಕೊಡಿ. ಒಂದೇ ದಪ್ಪದ ಎರಡು ಹಗ್ಗ ಸೇರಿಸಲು, ಬ್ಯಾಂಡೇಜಿನ ತುದಿ ಕಟ್ಟಲು ರೀಫ್ ಗಂಟು: ಬಲಗೈಯದು ಎಡಗೈಯದರ ಮೇಲೆ, ಮತ್ತೆ ಎಡಗೈಯದು ಬಲಗೈಯದರ ಮೇಲೆ. ಎರಡೂ ಸಲ ಒಂದೇ ಕಡೆ ಸುತ್ತಿದರೆ ಗಂಟು ಅಡ್ಡಡ್ಡ ನಿಲ್ಲುತ್ತದೆ, ಎಳೆದರೆ ಜಾರುತ್ತದೆ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸಲು ಶೀಟ್ ಬೆಂಡ್. ಕಂಬಕ್ಕೆ ಕಟ್ಟಲು ಕ್ಲೋವ್ ಹಿಚ್. ಎಳೆದರೂ ಬಿಗಿಯಾಗದ ಉರುಳು ಬೇಕಾದಾಗ, ಬಾವಿಗೆ ಬಿದ್ದವರನ್ನು ಎತ್ತುವಂಥ ಸಂದರ್ಭಕ್ಕೆ, ಬೋಲೈನ್. ಇವನ್ನು ಕಲಿಸುವಾಗ ಊರಿನ ರೈತರೊಬ್ಬರನ್ನು ಕರೆಯಿರಿ. ದನ ಕಟ್ಟುವ ಜೀರುಗುಣಿಕೆ, ಹುಲ್ಲಿನ ಹೊರೆ ಬಿಗಿಯುವ ಗಂಟು, ಗಾಡಿಗೆ ಮೂಟೆ ಕಟ್ಟುವ ಪಟ್ಟು ಇವೆಲ್ಲ ಅವರ ಬೆರಳಿನಲ್ಲಿವೆ. ಪುಸ್ತಕದ ಕೆಲವು ಗಂಟುಗಳು ತನ್ನ ತಂದೆಗೆ ಗೊತ್ತಿರುವ ಗಂಟುಗಳೇ ಎಂದು ತಿಳಿದಾಗ ಮಗುವಿಗೆ ಆಗುವ ಹೆಮ್ಮೆ ಯಾವ ಬ್ಯಾಡ್ಜಿಗೂ ಕಡಿಮೆಯಿಲ್ಲ.

ಗಂಟಿನಿಂದ ಲ್ಯಾಶಿಂಗ್‌ಗೆ ಹೋಗಿ. ಎರಡು ಗಳುಗಳನ್ನು ಅಡ್ಡ ಉದ್ದ ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಒಂದು ಬಂದರೆ ಅರ್ಧ ಶಿಬಿರವೇ ಎದ್ದು ನಿಲ್ಲುತ್ತದೆ. ನೆಟ್ಟಗಿರುವ ಗಳುವಿಗೆ, ಅಡ್ಡಗಳುವಿನ ಕೆಳಗೆ, ಕ್ಲೋವ್ ಹಿಚ್ ಹಾಕಿ ಶುರು ಮಾಡಿ. ಅಡ್ಡದ್ದರ ಮುಂದಿನಿಂದ, ನೆಟ್ಟಗಿರುವುದರ ಹಿಂದಿನಿಂದ ಮೂರು ಸುತ್ತು. ಪ್ರತಿ ಸುತ್ತಿಗೂ ಮೈಭಾರ ಹಾಕಿ ಎಳೆಯಬೇಕು. ನಂತರ ಎರಡು ಗಳುಗಳ ನಡುವೆ ಹಗ್ಗವನ್ನು ಹಾಯಿಸಿ, ಹಿಂದಿನ ಸುತ್ತುಗಳನ್ನೇ ಹಿಸುಕುವಂತೆ ಎರಡು ಸುತ್ತು ಬಿಗಿಯಿರಿ. ಅಡ್ಡಗಳುವಿಗೆ ಕ್ಲೋವ್ ಹಿಚ್ ಹಾಕಿ ಮುಗಿಸಿ. ಕಟ್ಟಿದ ಮೇಲೆ ಅಲುಗಾಡಿಸಿ ನೋಡಿ, ಕಿರುಗುಟ್ಟಿದರೆ ಬಿಚ್ಚಿ ಮತ್ತೆ ಕಟ್ಟಿಸಿ. ತಟ್ಟೆ ಒಣಗಿಸುವ ಸ್ಟ್ಯಾಂಡು, ಚಪ್ಪಲಿ ಗೂಡು, ಕೈತೊಳೆಯುವ ಮುಕ್ಕಾಲಿ ಇವನ್ನು ಶಾಲೆಯ ಅಂಗಳದಲ್ಲೇ ಮಾಡಿಸಿ ಬಳಕೆಗೆ ಬಿಡಿ. ಪ್ರದರ್ಶನಕ್ಕೆಂದು ಕಟ್ಟಿದ್ದು ಸಡಿಲವಾಗಿರುತ್ತದೆ, ದಿನವೂ ಬಳಸುವುದು ಬಿಗಿಯಾಗಿರುತ್ತದೆ.

ಎತ್ತರ ಅಂದಾಜು ಮಾಡುವ ಪಾಠವನ್ನು ಗಣಿತದ ಶಿಕ್ಷಕರಾದವರು ಬಿಟ್ಟುಕೊಡಲೇಬಾರದು. ಒಂದು ಮೀಟರ್ ಕೋಲನ್ನು ಬಿಸಿಲಿನಲ್ಲಿ ನೆಟ್ಟು ನೆರಳು ಅಳೆಯಿರಿ, 80 ಸೆಂಟಿಮೀಟರ್ ಬಂತೆನ್ನಿ. ಅದೇ ಹೊತ್ತಿನಲ್ಲಿ ಬೇವಿನ ಮರದ ನೆರಳು 9.6 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ತಿಕ್ಕಿದರೂ ಹತ್ತದವರಿಗೆ ಮರದ ಬುಡದಲ್ಲಿ ಹತ್ತು ನಿಮಿಷದಲ್ಲಿ ಹತ್ತಿದ್ದನ್ನು ನೋಡಿದ್ದೇನೆ.

ಪ್ರಥಮ ಚಿಕಿತ್ಸೆ

ಪರೀಕ್ಷೆಗಾಗಿ ತ್ರಿಕೋನ ಬ್ಯಾಂಡೇಜು ಕಟ್ಟುವುದನ್ನು ಎಲ್ಲರೂ ಕಲಿಸುತ್ತಾರೆ. ಕುತ್ತಿಗೆಯ ಸ್ಕಾರ್ಫೇ ತೋಳಿನ ಜೋಲಿಯಾಗುತ್ತದೆ, ಆದ್ದರಿಂದ ಅದನ್ನು ತೋರಿಕೆಗಾಗಿ ಚಿಕ್ಕದಾಗಿ ಹೊಲಿಸಬೇಡಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಊರಿನಲ್ಲಿ ನಿಜವಾಗಿ ಆಗುವ ಅಪಾಯಗಳಿಗೆ ಮಕ್ಕಳನ್ನು ತಯಾರು ಮಾಡಿ. ನಮ್ಮದು ಭತ್ತದ ಸೀಮೆ, ಗದ್ದೆಯ ಬದುವಿನಲ್ಲಿ ಹಾವು ಕಚ್ಚುವುದು ಅಪರೂಪವಲ್ಲ. ಕಚ್ಚಿದ ಜಾಗ ಕುಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿಸಿಕೊಂಡವರನ್ನು ನಡೆಸಬಾರದು, ಆ ಕೈಕಾಲು ಅಲುಗಾಡದಂತೆ ಆಧಾರ ಕಟ್ಟಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಬೇಕು. ನಾಟಿವೈದ್ಯರ ಮನೆಗೆ ಮೊದಲು ಹೋಗೋಣ ಎನ್ನುವ ಅಜ್ಜಿಗೆ ಮೊಮ್ಮಗಳು ಮರ್ಯಾದೆಯಿಂದಲೇ, ಆದರೆ ಜಗ್ಗದೆ ಉತ್ತರ ಕೊಡುವುದನ್ನೂ ಅಭಿನಯ ಮಾಡಿಸಿ ಕಲಿಸಬೇಕು. ‘ಅಜ್ಜಿ, ಮೊದಲು ಆಸ್ಪತ್ರೆ. ಆಮೇಲೆ ನೀನು ಹೇಳಿದಲ್ಲಿಗೆ ಹೋಗೋಣ’ ಎಂಬ ಮಾತನ್ನು ನಮ್ಮ ಸೇವಂತಿಗೆ ಪಟ್ರೋಲಿನ ಹುಡುಗಿಯೊಬ್ಬಳು ಅಭಿನಯದಲ್ಲಿ ತಾನಾಗಿ ಆಡಿದ್ದು, ಈಗ ಅದೇ ನಮ್ಮ ದಳದ ಪಾಠವಾಗಿದೆ.

ಭೇದಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಎಣ್ಣೆ, ಇಂಕು ಯಾವುದೂ ಬೇಡ. ಇವು ಬಾಯಿಪಾಠವಾಗಿದ್ದರೆ ಸಾಲದು, ಅಳತೆಯ ಚಮಚ ಹಿಡಿದು ಮಾಡಿ ತೋರಿಸಲಿ.

ಶಿಬಿರ ಮತ್ತು ತಾಯಂದಿರು

‘ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸುವುದಿಲ್ಲ ಟೀಚರ್’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ವಾದ ಮಾಡಬೇಡಿ. ಆ ತಾಯಿಯ ಭಯ ಸಕಾರಣವಾದದ್ದು. ಮೊದಲು ಶಾಲೆಯ ಅಂಗಳದಲ್ಲೇ ಸಂಜೆ ಶಿಬಿರಾಗ್ನಿ ಇಟ್ಟುಕೊಂಡು ಮನೆಮಂದಿಯನ್ನೆಲ್ಲ ಕರೆಯಿರಿ. ಮಕ್ಕಳು ಹಾಡಲಿ, ಸಣ್ಣ ನಾಟಕ ಆಡಲಿ, ತಾವೇ ಮಾಡಿದ ಚಿತ್ರಾನ್ನ ಬಡಿಸಲಿ. ಎರಡನೆಯ ಹೆಜ್ಜೆ ಹಗಲಿನ ಹೈಕ್, ಅಂದರೆ ಕಾಲ್ನಡಿಗೆಯ ಸಂಚಾರ. ಮೂರನೆಯದು ಶಾಲೆಯಲ್ಲೇ ಒಂದು ರಾತ್ರಿ. ಆಗ ಇಬ್ಬರು ಮೂವರು ತಾಯಂದಿರನ್ನೂ ಜೊತೆಗೆ ಉಳಿಯಲು ಕೇಳಿ. ‘ನೀವೂ ಬನ್ನಿ ಅಮ್ಮ, ನಮಗೆ ಅಡುಗೆಗೆ ಸಹಾಯವಾಗುತ್ತದೆ’ ಎಂದರೆ ಬರುತ್ತಾರೆ. ಮರುವರ್ಷ ಅವರೇ ಉಳಿದ ಮನೆಗಳಿಗೆ ಹೋಗಿ ಮಾತನಾಡುತ್ತಾರೆ.

ಶಿಬಿರಕ್ಕೆ ಹೊರಟಾಗ ಕಡೆಯಪಕ್ಷ ಇಬ್ಬರು ಮಹಿಳಾ ಶಿಕ್ಷಕರು ಇರಲೇಬೇಕು. ಪಾಲಕರ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಮಗುವಿನ ಅಲರ್ಜಿ, ಫಿಟ್ಸ್, ಅಸ್ತಮಾ, ನಿತ್ಯದ ಮಾತ್ರೆ ಇವುಗಳ ವಿವರ ಪಾಲಕರಿಂದಲೇ ಬರೆಸಿಕೊಳ್ಳಿ. ಶೌಚಾಲಯಕ್ಕೆ ಚಿಲಕ ಇದೆಯೇ, ದೀಪ ಇದೆಯೇ, ನೀರು ಬರುತ್ತದೆಯೇ ಎಂದು ಒಂದು ದಿನ ಮುಂಚೆ ಹೋಗಿ ಕಣ್ಣಾರೆ ನೋಡಿ. ಮುಟ್ಟಿನ ಬಗ್ಗೆ ಹೊರಡುವ ಮುನ್ನವೇ ಎಲ್ಲರನ್ನೂ ಕೂರಿಸಿ ನೇರವಾಗಿ ಮಾತನಾಡಿ. ಪ್ಯಾಡುಗಳ ಡಬ್ಬಿ ಎಲ್ಲಿದೆ, ಬಳಸಿದ್ದನ್ನು ಎಲ್ಲಿ ಹಾಕಬೇಕು, ಹೊಟ್ಟೆನೋವಾದರೆ ಯಾರನ್ನು ಕೇಳಬೇಕು ಎಂಬುದು ಪ್ರತಿ ಹುಡುಗಿಗೂ ಗೊತ್ತಿರಲಿ. ಆ ಡಬ್ಬಿಯನ್ನು ಕೇಳಿ ಪಡೆಯುವಂತೆ ಇಡಬೇಡಿ, ತಾವೇ ತೆಗೆದುಕೊಳ್ಳುವ ಜಾಗದಲ್ಲಿಡಿ. ಮುಟ್ಟಾದ ಹುಡುಗಿಯನ್ನು ಪ್ರಾರ್ಥನೆಯಿಂದಲೋ ಅಡುಗೆಯಿಂದಲೋ ದೂರ ನಿಲ್ಲಿಸುವ ಮಾತು ದಳದಲ್ಲಿ ಬರಕೂಡದು. ಶಿಬಿರದ ಹೆಸರು ಕೇಳಿದರೆ ಹಿಂಜರಿಯುವ ಎಷ್ಟೋ ಹುಡುಗಿಯರ ಹಿಂಜರಿಕೆಯ ಕಾರಣ ಇದೊಂದೇ.

ಹೈಕ್‌ಗೆ ಹೊರಟಾಗ ಬುತ್ತಿ ಹಗುರವಾಗಿರಲಿ. ದಾವಣಗೆರೆ ಸೀಮೆಯವರಾದ ನಮಗೆ ಮಂಡಕ್ಕಿ, ಹುರಿಗಡಲೆ, ಬೆಲ್ಲ ಇದ್ದರೆ ಆಯಿತು. ಪಾತ್ರೆಯಿಲ್ಲದ ಅಡುಗೆ ಮಕ್ಕಳು ವರ್ಷಪೂರ್ತಿ ಕಾಯುವ ಪಾಠ. ಆಲೂಗೆಡ್ಡೆಗೆ ಒದ್ದೆ ಎಲೆ ಸುತ್ತಿ, ಮೇಲೆ ಒಂದು ಬೆರಳು ದಪ್ಪ ಜೇಡಿಮಣ್ಣು ಮೆತ್ತಿ ಕೆಂಡದಲ್ಲಿ ಹೂತರೆ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ. ಮಣ್ಣು ಬಿರುಕು ಬಿಟ್ಟಾಗ ತೆಗೆದು ಒಡೆದರೆ ಸಿಪ್ಪೆಯೂ ಜೊತೆಗೇ ಬರುತ್ತದೆ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹಸಿ ಬೇವಿನ ಕಡ್ಡಿಗೆ ಹುರಿಯಂತೆ ಸುತ್ತಿ ಕೆಂಡದ ಮೇಲೆ ತಿರುಗಿಸಿ. ಉರಿಯಲ್ಲಿ ಹಿಡಿದರೆ ಹೊರಗೆ ಕರಿ, ಒಳಗೆ ಹಸಿ. ಬದನೆಕಾಯಿ ಸುಟ್ಟು ಉಪ್ಪು ಖಾರ ಹಚ್ಚಿದರೆ ಊಟ ಮುಗಿದಂತೆ. ಒಲೆ ಹೂಡುವ ಮುನ್ನ ಸುತ್ತಲ ಒಣಹುಲ್ಲು ತೆಗೆಸಿ, ಒಂದು ಕೊಡ ನೀರು ಪಕ್ಕದಲ್ಲಿಡಿ. ಕುರುಚಲು ಗುಡ್ಡಗಳಿಗೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಹೊರಡುವಾಗ ಬೂದಿಗೆ ನೀರು ಹೊಯ್ದು, ಬರಿಗೈಯಿಂದ ಮುಟ್ಟಿ ನೋಡಿ, ತಣ್ಣಗಾದ ಮೇಲೆಯೇ ಮಣ್ಣು ಮುಚ್ಚಿಸಿ. ಆ ಕೆಲಸವನ್ನು ಪಟ್ರೋಲ್ ಲೀಡರ್ ಮಾಡಬೇಕು, ಕಿರಿಯಳಿಗೆ ಹೇಳಿ ಮಾಡಿಸುವಂತಿಲ್ಲ.

ಊರಿಗಾಗಿ ಒಂದು ಕೆಲಸ

ಸಮುದಾಯ ಸೇವೆ ಎಂದ ಕೂಡಲೇ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು, ಗಿಡ ನೆಟ್ಟು ಮರುದಿನ ಮರೆಯುವುದು ನಡೆದುಬಂದಿದೆ. ವರ್ಷಕ್ಕೆ ಒಂದೇ ಕೆಲಸ ಆರಿಸಿಕೊಳ್ಳಿ, ಅದನ್ನು ವರ್ಷಪೂರ್ತಿ ಮಾಡಿ. ನಾವು ಆರಿಸಿಕೊಂಡದ್ದು ಡೆಂಗಿ ಸೊಳ್ಳೆಯ ಮರಿಗಳ ಸಮೀಕ್ಷೆ. ಅದನ್ನು ಮಾಡುವ ಬಗೆ ಹೀಗೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ತಿಳಿನೀರಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಸಿಮೆಂಟ್ ತೊಟ್ಟಿ, ಡ್ರಮ್ಮು, ಹಳೆಯ ಟೈರು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲಿ ನಿಂತ ನೀರಿದ್ದರೂ ಸರಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿದರೆ ಸರಪಳಿ ತುಂಡಾಗುತ್ತದೆ. ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದ್ದರೂ ತಿಂಗಳುಗಟ್ಟಲೆ ಬದುಕಿ, ನೀರು ಬಿದ್ದೊಡನೆ ಮರಿಯಾಗುತ್ತವೆ.

ಊರಿನ ಆಶಾ ಕಾರ್ಯಕರ್ತೆಯ ಜೊತೆ ಮೊದಲು ಮಾತನಾಡಿ, ಅವರನ್ನು ಮುಂದಿಟ್ಟುಕೊಂಡು ಹೋಗಿ. ಒಂದೊಂದು ಪಟ್ರೋಲ್‌ಗೆ ಒಂದೊಂದು ಓಣಿ. ಕೈಯಲ್ಲಿ ಟಾರ್ಚು, ನೋಟ್‌ಬುಕ್, ಬಿಳಿ ಬಟ್ಟಲು. ತೊಟ್ಟಿಗೆ ಬೆಳಕು ಬಿಟ್ಟರೆ ಮರಿಗಳು ಬುಳಬುಳನೆ ಕೆಳಗಿಳಿಯುತ್ತವೆ. ಬಟ್ಟಲಲ್ಲಿ ಮೊಗೆದು ಮನೆಯವರಿಗೇ ತೋರಿಸಬೇಕು. ಆ ಒಂದು ನೋಟ ಹತ್ತು ಭಾಷಣಕ್ಕಿಂತ ಮೇಲು. ‘ನಮ್ಮ ಮನೆಯ ನೀರು ಶುದ್ಧ’ ಎನ್ನುತ್ತಿದ್ದವರು ತಾವೇ ತೊಟ್ಟಿ ಬಗ್ಗಿಸುತ್ತಾರೆ. ಮರಿ ಸಿಕ್ಕ ಮನೆಗಳ ಸಂಖ್ಯೆಯನ್ನು ನೋಡಿದ ಮನೆಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆ ಓಣಿಯ ಸೂಚ್ಯಂಕ ಬರುತ್ತದೆ. ತಿಂಗಳು ತಿಂಗಳೂ ಅದನ್ನು ಶಾಲೆಯ ಗೋಡೆಯ ಮೇಲೆ ಗ್ರಾಫ್ ಬರೆದು, ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಮನೆಗಳ ಹೆಸರು ಮಾತ್ರ ಗೋಡೆಗೆ ಹಾಕಬೇಡಿ. ಯಾರನ್ನೂ ನಾಚಿಸಿ ಊರು ಸರಿಮಾಡಲಾಗದು.

ನಿಮ್ಮ ಊರಿಗೆ ಬೇರೆ ಕೆಲಸ ಹೊಂದಬಹುದು. ಜಾತ್ರೆಯಲ್ಲಿ ಕುಡಿಯುವ ನೀರು ಮತ್ತು ತಪ್ಪಿಸಿಕೊಂಡ ಮಕ್ಕಳ ಮೇಜು, ಕೊಳವೆಬಾವಿಯ ಪಕ್ಕದ ಇಂಗುಗುಂಡಿ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು. ಆರಿಸುವಾಗ ಗೌರವ ಸಭೆಯಲ್ಲಿ ಮಕ್ಕಳನ್ನೇ ಕೇಳಿ: ನಮ್ಮ ಊರಿನಲ್ಲಿ ನಿಮಗೆ ದಿನವೂ ತೊಂದರೆ ಕೊಡುವುದು ಯಾವುದು? ಉತ್ತರ ಅಲ್ಲೇ ಸಿಗುತ್ತದೆ.

ಸೋಪಾನಗಳು, ಪುರಸ್ಕಾರ

ಪ್ರವೇಶದಲ್ಲಿ ಪ್ರತಿಜ್ಞೆ, ನಿಯಮದ ಒಂಬತ್ತು ಅಂಶಗಳು, ಎಡಗೈಯ ಹಸ್ತಲಾಘವ, ಮೂರು ಬೆರಳಿನ ವಂದನೆ, ಧ್ವಜ, ಚಳವಳಿಯ ಚರಿತ್ರೆ. ದೀಕ್ಷಾ ವಿಧಿಯನ್ನು ಗಂಭೀರವಾಗಿ, ಮನೆಯವರ ಎದುರು ನಡೆಸಿ. ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನ. ಪ್ರಥಮ ಸೋಪಾನವನ್ನು ದಳದಲ್ಲೇ ನೀವು ಪರೀಕ್ಷಿಸುತ್ತೀರಿ, ತೃತೀಯ ಸೋಪಾನಕ್ಕೆ ಜಿಲ್ಲಾ ಮಟ್ಟದ ಪರೀಕ್ಷಾ ಶಿಬಿರ. ರಾಜ್ಯ ಪುರಸ್ಕಾರದ ಪರೀಕ್ಷೆ ರಾಜ್ಯ ಸಂಸ್ಥೆಯದು, ಪ್ರಮಾಣಪತ್ರ ರಾಜ್ಯಪಾಲರದು. ಅದರ ಮೇಲಿನದು ರಾಷ್ಟ್ರಪತಿ ಪುರಸ್ಕಾರ. ಪ್ರತಿ ಮೆಟ್ಟಿಲಿನ ಪಠ್ಯ, ಬ್ಯಾಡ್ಜುಗಳು, ಅಂತರ ಎಷ್ಟು ತಿಂಗಳು ಎಂಬುದನ್ನು ಸಂಸ್ಥೆಯ ಈಚಿನ ನಿಯಮ ಪುಸ್ತಕದಿಂದಲೇ ತೆಗೆದು ಗೋಡೆಗೆ ಹಾಕಿ. ಬೇರೆ ಶಾಲೆಯವರ ಹಳೆಯ ನೋಟ್ಸ್ ನಂಬಬೇಡಿ.

ಮಗು ತಾನು ಮಾಡಿದ್ದನ್ನು, ಕಂಡದ್ದನ್ನು ಬರೆದಿಡುವ ಲಾಗ್ ಪುಸ್ತಕದ ಬಗ್ಗೆ ಒಂದು ಮಾತು. ಒಂದೇ ಪುಸ್ತಕವನ್ನು ಮೂವತ್ತು ಮಕ್ಕಳು ನಕಲು ಮಾಡಿ, ಬಣ್ಣದ ಪೆನ್ನಿನಿಂದ ಗೆರೆ ಎಳೆದು ತರುವುದನ್ನು ಪರೀಕ್ಷಕರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಮಗು ತನ್ನದೇ ಕನ್ನಡದಲ್ಲಿ, ಹೈಕ್ ಮುಗಿದ ಸಂಜೆಯೇ ಬರೆಯಲಿ. ‘ಕೆರೆಯ ಏರಿಯ ಮೇಲೆ ಮಿಂಚುಳ್ಳಿ ಕಂಡೆ, ಅದು ಮೂರು ಸಲ ಮುಳುಗಿ ಒಂದು ಮೀನು ಹಿಡಿಯಿತು’ ಎಂಬ ಒಂದು ಸಾಲು ಅಂಟಿಸಿದ ಹತ್ತು ಚಿತ್ರಗಳಿಗಿಂತ ಬೆಲೆಯುಳ್ಳದ್ದು. ಅಕ್ಷರ ತಪ್ಪಿದ್ದರೂ ಹಾಗೆಯೇ ಇರಲಿ.

ಪಾಲಕರು ಕೇಳುವ ಪ್ರಶ್ನೆ ಒಂದಿದೆ, ಇದರಿಂದ ಮುಂದೆ ಏನು ಉಪಯೋಗ ಎಂದು. ಕೇಳುವುದರಲ್ಲಿ ತಪ್ಪಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ವಿಶೇಷ ಪ್ರವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಸೇರಿದೆ. ರೈಲ್ವೆ ನೇಮಕಾತಿಯಲ್ಲಿಯೂ ಈ ಕೋಟಾ ಇದೆ. ಅರ್ಹತೆಯ ಷರತ್ತುಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಓದಿ ಹೇಳಿ, ಹೆಚ್ಚು ಆಸೆ ಹುಟ್ಟಿಸಬೇಡಿ. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ನಾನು ತಾಯಂದಿರಿಗೆ ಇನ್ನೊಂದನ್ನೂ ಹೇಳುತ್ತೇನೆ: ನಿಮ್ಮ ಮಗಳು ಒಬ್ಬಳೇ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಕೆಲಸ ಮುಗಿಸಿ ಬರುತ್ತಾಳೆ, ನಾಲ್ಕು ಜನರ ಎದುರು ನಿಂತು ಮಾತನಾಡುತ್ತಾಳೆ. ಇದು ಕಣ್ಣಿಗೆ ಕಾಣುವ ಉಪಯೋಗ, ಅವರು ಒಪ್ಪುತ್ತಾರೆ.

ಪರೀಕ್ಷಾ ಶಿಬಿರಕ್ಕೆ ಹೊರಡುವ ಮಗುವಿನ ಚೀಲವನ್ನು ಹಿಂದಿನ ದಿನ ಶಾಲೆಗೆ ತರಿಸಿ, ಮಗುವಿನ ಕೈಯಿಂದಲೇ ಬಿಚ್ಚಿ ಮತ್ತೆ ಕಟ್ಟಿಸಿ. ಸಮವಸ್ತ್ರ, ಹಗ್ಗ, ತಟ್ಟೆ ಲೋಟ, ಹೊದಿಕೆ, ಟಾರ್ಚು, ಲಾಗ್ ಪುಸ್ತಕ, ಪ್ರಗತಿ ಕಾರ್ಡು, ಆಧಾರ್ ಪ್ರತಿ. ತಾಯಿ ತುಂಬಿದ ಚೀಲದಲ್ಲಿ ಚಕ್ಕುಲಿ ಮೇಲಿರುತ್ತದೆ, ಹಗ್ಗ ಮನೆಯಲ್ಲಿ ಉಳಿದಿರುತ್ತದೆ.

ಹತ್ತನೆಯ ತರಗತಿಯ ಲೀಡರ್‌ಗಳು ಪೂರ್ವಸಿದ್ಧತಾ ಪರೀಕ್ಷೆಗೆ ಕೂರುವ ಮುನ್ನ, ಅಂದರೆ ಜನವರಿಯೊಳಗೆ, ಹೊಸ ಲೀಡರ್‌ಗಳ ಆಯ್ಕೆ ಮುಗಿಸಿ. ಹಳಬಳು ಹೊಸಬಳಿಗೆ ಪಟ್ರೋಲಿನ ಧ್ವಜ, ಹಗ್ಗದ ಚೀಲ, ಲೆಕ್ಕದ ಪುಸ್ತಕ ಎಣಿಸಿ ಒಪ್ಪಿಸಲಿ, ಇಬ್ಬರೂ ಸಹಿ ಮಾಡಲಿ. ಪಿಯುಸಿಗೆ ಹೋಗುವವರಿಗೆ ಯಾವ ಕಾಲೇಜಿನಲ್ಲಿ ರೇಂಜರ್ ಘಟಕ ಇದೆ ಎಂದು ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಿ ತಿಳಿಸಿ, ವರ್ಗಾವಣೆ ಪತ್ರದ ಜೊತೆಗೇ ಅವರ ಪ್ರಗತಿ ಕಾರ್ಡನ್ನೂ ಕೈಗೆ ಕೊಡಿ. ಕಾರ್ಡು ಶಾಲೆಯ ಕಪಾಟಿನಲ್ಲೇ ಉಳಿದರೆ ಮುಂದಿನ ಘಟಕದಲ್ಲಿ ಅವಳು ಮಾಡಿದ್ದಕ್ಕೆ ದಾಖಲೆಯೇ ಇರುವುದಿಲ್ಲ.